ಬೇಕೆಂದೇ ತಡವಾಗಿ

ಮನೆಯಿಂದ
ಭಾನುವಾರ, ಮಧ್ಯಾಹ್ನ

ಪ್ರೀತಿಯ ಮಗಳೇ,

ನಿನ್ನ ಸೊಂಟದ ನೋವು ಹೇಗಿದೆ? ರಾತ್ರಿ ಪಾಳಿ ಮುಗಿಸಿ ಬಂದವಳು ಊಟ ಮಾಡಿ ಮಲಗುತ್ತೀಯೋ, ಬಂದ ಹಾಗೇ ಬಿದ್ದುಕೊಳ್ಳುತ್ತೀಯೋ? ವಾರ್ಡಿನವರಿಗೆಲ್ಲ ಹೊತ್ತು ಹೊತ್ತಿಗೆ ಉಣ್ಣಿ ಎಂದು ಗದರುವ ನರ್ಸಮ್ಮ ತಾನು ಮಾತ್ರ ಒಣ ಬ್ರೆಡ್ಡು ಕಚ್ಚಿ ಮಲಗುತ್ತಾಳೆಂದು ನನಗೆ ಗೊತ್ತು. ನಾನು ಚೆನ್ನಾಗಿದ್ದೇನೆ. ಮಂಡಿ ಹೇಳಿದ ಮಾತು ಕೇಳುವುದಿಲ್ಲ, ಅಷ್ಟೆ. ದಿನಾ ಫೋನಿನಲ್ಲಿ ಮಾತಾಡುವವರಿಗೆ ಕಾಗದ ಯಾಕೆ ಎನ್ನುತ್ತೀಯ. ಕಾರಣ ಇದೆ, ಬರೆಯುತ್ತಾ ಹೋದರೆ ಬರುತ್ತದೆ.

ನಿಜ ಹೇಳುತ್ತೇನೆ, ನನಗೆ ಸುಸ್ತಾಗಿದೆ. ನಿನ್ನ ಮಗಳು ಗುಬ್ಬಿಗೆ ಅಡುಗೆ ಮಾಡಿ, ಜಡೆ ಹಾಕಿ ಅಲ್ಲ. ಉತ್ತರ ಹೇಳಿ ಹೇಳಿ. ಹಾಲು ತರಲು ಹೊರಟರೆ "ಎಷ್ಟೊತ್ತಿಗೆ ಬರ್ತೀಯ ಅಜ್ಜ?" ಸ್ನಾನಕ್ಕೆ ಹೋದರೆ ಬಾಗಿಲಾಚೆಯಿಂದ "ಇನ್ನೂ ಇದ್ದೀಯಾ?" ಇನ್ನೆಲ್ಲಿಗೆ ಹೋಗಲಿ, ಬಚ್ಚಲ ತೂಬಿನಲ್ಲಿ ಇಳಿದು ಹೋಗಲೇ? ಹಾಗೆಂದು ನಗುತ್ತೇನೆ, ಅವಳ ಮುಖ ನೋಡಿದರೆ ನಗು ನಿಂತುಹೋಗುತ್ತದೆ. ಅಳಿಯಂದಿರು "ಇನ್ನೇನು ಬಂದೆ" ಎಂದು ಫೋನು ಮಾಡಿ, ಹೆದ್ದಾರಿಯ ಅಪಘಾತದಲ್ಲಿ ಹೋಗಿಬಿಟ್ಟ ದಿನದಿಂದ, ಯಾರಾದರೂ ತಡವಾದರು ಎಂದರೆ ಅವಳ ಲೆಕ್ಕದಲ್ಲಿ ಅವರು ಸತ್ತರು ಎಂದೇ. ಶಾಲೆ ಬಿಟ್ಟಾಗ ಗೇಟಿನಲ್ಲಿ ನಾನು ಕಾಣದಿದ್ದರೆ ಉಸಿರು ಕಟ್ಟುತ್ತಿತ್ತು, ವಾಂತಿಯಾಗುತ್ತಿತ್ತು. ಅದಕ್ಕೇ ದಿನಾ ಮೊದಲೇ ಹೋಗಿ ನಿಲ್ಲುತ್ತಿದ್ದೆ. ಒಳ್ಳೆಯದೇ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ.

ಡಾಕ್ಟರಮ್ಮ ಹಾಗನ್ನಲಿಲ್ಲ. ಅವರು ಡಾಕ್ಟರಲ್ಲವಂತೆ, ಮಕ್ಕಳ ಮನಸ್ಸಿನ ಭಯಕ್ಕೆ ಚಿಕಿತ್ಸೆ ಕೊಡುವವರಂತೆ, ಆದರೂ ನನ್ನ ಬಾಯಿಗೆ ಡಾಕ್ಟರಮ್ಮ ಎಂದೇ ಬರುತ್ತದೆ. ಅವರ ಕೋಣೆಯಲ್ಲಿರುವುದೆಲ್ಲ ಮಕ್ಕಳ ಕುರ್ಚಿಗಳು. ಕೂತರೆ ಮಂಡಿ ಗದ್ದಕ್ಕೆ ತಗಲುತ್ತದೆ, ಏಳಲು ಗುಬ್ಬಿಯೇ ಕೈ ಕೊಡಬೇಕು. ಹಾಗೆ ಕೂರಿಸಿಕೊಂಡು ಏನು ಹೇಳಿದರು ಗೊತ್ತೆ? ನೀವು ಬೇಕೆಂದೇ ತಡವಾಗಿ ಹೋಗಿ ಎಂದರು. ಕದ್ದುಮುಚ್ಚಿ ಅಲ್ಲ, ಗುಬ್ಬಿಗೆ ಹೇಳಿಯೇ, ಅವಳು ಒಪ್ಪಿದಷ್ಟೇ. ಕಾದು, ಹೆದರಿ, ಆಮೇಲೂ ಏನೂ ಆಗಲಿಲ್ಲ ಎಂಬುದು ಅವಳ ಮೈಗೇ ತಿಳಿಯಬೇಕಂತೆ. ನಾವು ಸಾವಿರ ಸಲ ಹೇಳಿದರೂ ಅದು ಕಿವಿ ದಾಟುವುದಿಲ್ಲವಂತೆ. ಬಸ್ ನಿಲ್ದಾಣದಲ್ಲಿ ಜೀವಮಾನವಿಡೀ ಟೈಂಕೀಪರ್ ಆಗಿದ್ದವನಿಗೆ, ತಡವಾಗಿ ಬಂದ ಡ್ರೈವರುಗಳ ಬೆವರಿಳಿಸಿದವನಿಗೆ, ಇಂಥ ಔಷಧಿ. ಆ ಡ್ರೈವರುಗಳಿಗೆ ತಿಳಿದರೆ ಹೊಟ್ಟೆ ಹಿಡಿದುಕೊಂಡು ನಕ್ಕಾರು.

ಮೊದಲ ಸಲ ನನ್ನ ಕೈಲಾಗಲಿಲ್ಲ. ಹೊತ್ತಿಗೆ ಮುಂಚೆಯೇ ಹೋಗಿ, ಶಾಲೆಯೆದುರಿನ ಜೆರಾಕ್ಸ್ ಅಂಗಡಿಯ ಬೋರ್ಡಿನ ಹಿಂದೆ ನಿಂತು ಇಣುಕಿ ನೋಡುತ್ತಿದ್ದೆ. ಗುಬ್ಬಿ ಬ್ಯಾಗಿನ ಪಟ್ಟಿ ಹಿಡಿದು ಹಾಯಾಗಿ ನಿಂತಿದ್ದಳು. ನನಗೋ ನೆಲದ ಮೇಲೆ ಕಾಲಿಲ್ಲ. ಮುಂದಿನ ಭೇಟಿಯಲ್ಲಿ ಡಾಕ್ಟರಮ್ಮನಿಗೆ ಹೇಳಿಬಿಟ್ಟಳು: "ನಂಗೇನೂ ಭಯ ಆಗ್ಲಿಲ್ಲ. ಬೋರ್ಡ್ ಕೆಳಗೆ ಅಜ್ಜನ ಚಪ್ಪಲಿ ಕಾಣ್ತಿತ್ತು." ಬೈಸಿಕೊಳ್ಳಲು ಸಿದ್ಧನಾಗಿ ಕೂತೆ. ಅವರು "ನಿಮಗೂ ಕಷ್ಟ ಅಲ್ವಾ" ಎಂದರು, ಅಷ್ಟೆ. ಆ ಗಿಡ್ಡ ಕುರ್ಚಿಯಲ್ಲಿ ನನಗೆ ಅಳು ಬಂದುಬಿಟ್ಟಿತು ಮಗಳೇ. ಅಳಿಯಂದಿರು ಹೋದಾಗಲೂ ಯಾರೆದುರೂ ಅತ್ತವನಲ್ಲ ನಾನು.

ಮೊನ್ನೆ ನಿಜವಾಗಿಯೂ ತಡ ಮಾಡಿದೆ. ಗೇಟು ಕಾಣದ ಓಣಿಯಲ್ಲಿ ಕ್ಷೌರದಂಗಡಿ ಹೊಕ್ಕು ಕೂತೆ. ಕತ್ತರಿಸಲು ಇಲ್ಲೇನಿದೆ ಎಂದು ಅವನು, ಇರುವುದನ್ನೇ ನಿಧಾನಕ್ಕೆ ಮಾಡಪ್ಪ ಎಂದು ನಾನು. ಒಂದು ಕಡೆ ಮುಗಿದಿತ್ತು, ಒಪ್ಪಿದ ಹೊತ್ತಾಯಿತೆಂದು ಎದ್ದು ಓಡಿದೆ. ಗುಬ್ಬಿ ಗೇಟಿನ ಕಂಬಿ ಹಿಡಿದು ನಿಂತಿದ್ದಳು. ಅತ್ತಿದ್ದಳು, ಅಂಗಿಯ ತೋಳು ಒದ್ದೆಯಾಗಿತ್ತು. ಆದರೆ ವಾಂತಿ ಮಾಡಿಕೊಂಡಿರಲಿಲ್ಲ, ಟೀಚರನ್ನು ಕರೆದಿರಲಿಲ್ಲ, ನಿಂತಿದ್ದಳು. "ತಡ ಆಯ್ತು" ಎಂದಳು. ಆಮೇಲೆ ನನ್ನ ತಲೆ ನೋಡಿ, "ಅಜ್ಜ, ಅರ್ಧ ಬಿಟ್ಟು ಬಂದಿದ್ದೀಯ" ಎಂದು ಮನೆ ಸೇರುವವರೆಗೂ ನಕ್ಕಳು. ಗೆದ್ದೆವು ಎಂದುಕೊಳ್ಳಬೇಡ, ಮಾರನೆಯ ಬೆಳಿಗ್ಗೆ ಬಚ್ಚಲ ಬಾಗಿಲಲ್ಲಿ ಮತ್ತದೇ ಪ್ರಶ್ನೆ.

ಕೆಲಸ ಬಿಟ್ಟು ಬಂದುಬಿಡಲೇ ಎಂದು ಕೇಳಿದ್ದೆಯಲ್ಲ. ಬಾ ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ದಣಿದವನ ನಾಲಿಗೆ, ಅದನ್ನು ನಂಬಬೇಡ.

ಸೊಂಟಕ್ಕೆ ಬಿಸಿನೀರಿನ ಚೀಲ ಇಟ್ಟುಕೋ. ನಿನ್ನ ಪಾಳಿಗಳು ಹಗುರಾಗಲಿ, ಮಲಗಿದೊಡನೆ ಕಣ್ಣಿಗೆ ನಿದ್ದೆ ಹತ್ತಲಿ ಎಂದು ಹರಸುವ,

ನಿನ್ನ ಅಪ್ಪ

ತಾ.ಕ.: ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ, ಬರೆಯಲು ಕೈ ಬರಲಿಲ್ಲ. ಡಾಕ್ಟರಮ್ಮನ ಹತ್ತಿರ ಗುಬ್ಬಿ ತನ್ನ ಭಯಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ್ದಾಳೆ. ನಾನು ಕೆಳಗಿನ ಮೆಟ್ಟಿಲು. ಎಲ್ಲಕ್ಕಿಂತ ಮೇಲಿನದು ನಿನ್ನ ಸಂಜೆಯ ಫೋನು ತಡವಾಗುವುದು. ಈ ಕಾಗದ ಸಿಕ್ಕಿದ ಮೇಲೆ ಬರುವ ಮೊದಲ ಭಾನುವಾರ ನೀನು ಅರ್ಧ ಗಂಟೆ ತಡವಾಗಿ ಫೋನು ಮಾಡಬೇಕು. ಅವಳೇ ಆರಿಸಿದ್ದು. ನಾನು ಪಕ್ಕದಲ್ಲೇ ಕೂತಿರುತ್ತೇನೆ. ಅಷ್ಟು ಹೊತ್ತು ಫೋನು ಕೈಯಲ್ಲಿ ಹಿಡಿದು ಒತ್ತದೆ ಕೂರುವುದು ನಿನಗೆ ಎಂಥ ಕಷ್ಟವೆಂದು ನನಗೆ ಗೊತ್ತು. ಅವಳಿಗೂ ಗೊತ್ತು. ಇದನ್ನು ಇವತ್ತೇ ಹೇಳಿಬಿಡೋಣ ಎಂದರೆ ನನ್ನ ಕೈ ಹಿಡಿದುಕೊಂಡಳು. "ಫೋನಲ್ಲಿ ಬೇಡ ಅಜ್ಜ, ಅಮ್ಮ ಹೆದರ್ಕೋತಾಳೆ. ಕಾಗದ ಬರಿ. ನಿಧಾನಕ್ಕೆ ಓದ್ಕೋತಾಳೆ."