ಹಿಟ್ಟಿನ ಚೀಲದ ತೂಕ

೩.೨.೨೦೦೩, ಬೆಳಿಗ್ಗೆ ೭
ಕುರ್ಚಿಯಿಂದ ಎದ್ದು ಕೂರೋದು ಹತ್ತು ಸಲ ಆಯ್ತು. ಗೋಡೆ ತಳ್ಳೋದು ಎಂಟೇ. ಆಮೇಲೆ ಚೀಲ — ಒಂದೊಂದು ಕೈಗೆ ಒಂದು ಕೆಜಿ ರಾಗಿಹಿಟ್ಟು. ಮೈಸೂರು ಆಸ್ಪತ್ರೆಯ ಫಿಸಿಯೋ ಕಾವ್ಯಶ್ರೀ ಮೇಡಂ ಹೇಳಿಕೊಟ್ಟಿದ್ದು. ಪ್ರಾಸ್ಟೇಟ್ ಕ್ಯಾನ್ಸರಿನ ಇಂಜೆಕ್ಷನ್ ಮಾಂಸಖಂಡ ಕರಗಿಸುತ್ತಂತೆ. ಐದು ಸಲ ಎತ್ತೋಷ್ಟರಲ್ಲಿ ತೋಳು ನಡುಗ್ತು. ಹೊಗೆಸೊಪ್ಪಿನ ಬೇಲು ಹೊತ್ತ ತೋಳು ಇದು. ನಾಚಿಕೆ ಆಯ್ತು.

ಈ ಯುಗಾದಿಗೆ ಹೊನ್ನಾರು ಸರದಿ ನಮ್ಮನೇದು. ಊರೋರ ಮುಂದೆ ವರ್ಷದ ಮೊದಲ ನೇಗಿಲು. ತಮ್ಮ ಸಣ್ಣಯ್ಯ ನಿನ್ನೆನೇ ಬಂದು, "ಅಣ್ಣ, ನೀನು ಕುಂತ್ಕಂಡು ನೋಡು. ನೇಗಿಲ ಮೇಳಿ ನಾನ್ ಹಿಡೀತೀನಿ" ಅಂದ. ಒಳ್ಳೇ ಮಾತೇ. ಆದ್ರೂ ಹೊಟ್ಟೆ ಉರೀತು. ಇರೋಗಂಟ ನನ್ನ ಸರದಿ ನಂದೇ.

೧೯.೨
ಚೀಲ ಹನ್ನೆರಡು ಸಲ ಎತ್ತಿದೆ. ನಡುಕ ಇಲ್ಲ. ಸೆಕೆ ಉಕ್ಕೋದು ಮಾತ್ರ ಹಂಗೇ ಅದೆ, ಇಂಜೆಕ್ಷನ್ ಮಹಿಮೆ. ಹೆಂಡ್ತಿ ರಾಮಮ್ಮ "ಈಗ ಗೊತ್ತಾಯ್ತಾ, ಮುಟ್ಟು ನಿಂತಾಗ ನಮ್ ಪಾಡು" ಅಂತ ನಗ್ತಾಳೆ. ಸಣ್ಣಯ್ಯಂಗೆ ಹೇಳ್ಬುಟ್ಟೆ — ಮೇಳಿ ನಾನೇ ಹಿಡಿಯೋದು.

೧.೩, ಸಂಜೆ
ಮೋಸ. ಚೀಲ ಜೋತುಬಿದ್ದಿತ್ತು. ಅಂಗಡಿ ತಕ್ಕಡೀಲಿ ತೂಗಿಸ್ದೆ. ಒಂದೊಂದೂ ಅರ್ಧ ಕೆಜೀನೂ ಇಲ್ಲ.

ರಾಮಮ್ಮ ಒಪ್ಕಂಡ್ಲು. "ಕರೆಂಟಿಲ್ದೆ ಮಿಲ್ಲು ನಿಂತಿತ್ತು ಕಣ್ರೀ. ಮುದ್ದೆಗೆ ಅಂತ ಒಂದ್ ಹಿಡಿ ತಗಂಡೆ. ನಿಮ್ ನಡುಕ ಕಮ್ಮಿ ಆದಂಗೆ ಕಾಣ್ತು. ಆಮೇಕೆ ದಿನಾ ತಗಂಡೆ... ಎರಡರಿಂದ್ಲೂ ಸಮನಾಗೇ ತಗಂಡಿದೀನಿ."

ನನ್ನ ಶಕ್ತಿನ ನಾನೇ ಮುದ್ದೆ ಮಾಡಿಸ್ಕಂಡು ಉಂಡಿದೀನಿ. ಭಯ ಆಗ್ತದೆ. ಊರ ಮುಂದೆ ಮೇಳಿ ಕೈ ಜಾರಿದ್ರೆ?

೪.೩
ಮೂರು ದಿನ ಏನೂ ಮಾಡ್ಲಿಲ್ಲ. ಇವತ್ತು ನೆಲದ ಮೇಲೆ ಕುಂತು ಉಂಡು ಎದ್ದೆ. ಎದ್ದ ಮೇಲೆ ಗೊತ್ತಾಯ್ತು — ಕೈ ಊರಿರ್ಲಿಲ್ಲ. ರಾಮಮ್ಮನೂ ನೋಡಿದ್ಲು. ಎದ್ದು ಕೂರೋ ಕುರ್ಚಿ ಮೋಸ ಮಾಡಿಲ್ಲ ಹಂಗಾರೆ.
ಚೀಲಕ್ಕೆ ಮತ್ತೆ ಪೂರ್ತಿ ಕೆಜಿ ತುಂಬಿಸ್ದೆ. ಬಾಯಿ ಹೊಲಿದುಬುಟ್ಟೆ.

೨೪.೩
ಮೈಸೂರಿಗೆ ಹೋಗಿದ್ದೆ. ರಕ್ತ ಪರೀಕ್ಷೇಲಿ ಕ್ಯಾನ್ಸರ್ ಅಂಕಿ, ಪಿಎಸ್ಎ, ಇಳಿದದೆ. ಮೂಳೆಗೆ ಹರಡಿಲ್ಲ. ನೇಗಿಲು ಹಿಡೀಬೋದಾ ಅಂದೆ. "ಮೂರು ಸುತ್ತು ಸಾಕು. ಪಕ್ಕದಲ್ಲಿ ಒಬ್ರು ಇರ್ಲಿ" ಅಂದ್ರು ಡಾಕ್ಟ್ರು. ವಾಪಸ್ ಬರೋವಾಗ ಬಿಳಿಕೆರೆ ಗಂಟ ಬಸ್ಸಲ್ಲಿ ನಿಂತೇ ಬಂದೆ. ಚೀಲ ಎಂಟು ಸಲ. ನಿಜವಾದ ಎಂಟು.

೨.೪, ಯುಗಾದಿ, ಮಧ್ಯಾಹ್ನ
ಆಯ್ತು. ಮೂರು ಸುತ್ತೂ ಆಯ್ತು. ಎರಡನೇದ್ರಲ್ಲಿ ತೋಳು ನಡುಗ್ತು. ಪಕ್ಕದಲ್ಲೇ ನಡೀತಿದ್ದ ಸಣ್ಣಯ್ಯ ಕೈ ಚಾಚಿದ — ಮುಟ್ಲಿಲ್ಲ. ಅದಕ್ಕೇ ಅವನಿಗೆ ಎರಡು ಒಬ್ಬಟ್ಟು ಜಾಸ್ತಿ. ಎದೆ ಮೇಲಿನ ಭಾರ ಇಳೀತು. ಇನ್ನೂ ಇದೀನಿ ಅನ್ನಿಸ್ತು.

ಒಬ್ಬಟ್ಟಿನ ಸಾರಿಗೆ ಮುದ್ದೆ ಇಲ್ವಾ ಅಂದೆ. ಹಿಟ್ಟಿಲ್ಲ ಅಂದ್ಲು ರಾಮಮ್ಮ, ಚೀಲದ ಕಡೆ ನೋಡ್ಕಂಡು. ಹೊಲಿಗೆ ನಾನೇ ಬಿಚ್ಚಿದೆ. "ತಗ, ಎರಡರಿಂದ್ಲೂ ಸಮನಾಗಿ" ಅಂದೆ. ನಗ್ತಾ ನಗ್ತಾ ಕಣ್ಣೊರೆಸ್ಕಂಡ್ಲು.

ನಾಳೆ ತುಂಬಿಸ್ಬೇಕು. ಈ ಸಲ ಒಂದೂವರೆ ಕೆಜಿ... ರಾಮಮ್ಮ ಕೂಗ್ತಾವ್ಳೆ, ಮುದ್ದೆ ಆರಿಹೋಗ್ತದಂತೆ.