ಹಿಂದಿನ ಸೀಟಿನ ಕೆಳಗೆ

ಏಪ್ರಿಲ್ 23, ಬುಧವಾರ

ಮತ್ತೆ ಅದೇ ಬಿಳಿ ಹೈಬ್ರಿಡ್ ಕಾರು. ಸುರಪುರದ ಲೆಕ್ಚರರ್ ಅಂಬ್ರಪ್ಪ ಸರ್ ಅವರದು. ಡ್ಯಾಶ್‌ಬೋರ್ಡಿನಲ್ಲಿ ಬ್ಯಾಟರಿ ಲೈಟ್ ಬರುತ್ತದೆ, ತಾನೇ ಹೋಗುತ್ತದೆ. ಸ್ಕ್ಯಾನರ್ ಹಚ್ಚಿದೆ — ಬ್ಯಾಟರಿಯ ಟೆಂಪರೇಚರ್ ಸೆನ್ಸರ್ ಕೆಟ್ಟಿದೆ ಎಂಬ ಹಳೆಯ ಕೋಡ್. ಈಗ ನೋಡಿದರೆ ಎಲ್ಲ ಸರಿ. ಭೀಮರಾಯನಗುಡಿವರೆಗೆ ಓಡಿಸಿಕೊಂಡು ಬಂದೆ. ಏನೂ ಇಲ್ಲ. ಶಹಾಪುರದ ನಮ್ಮ ಗ್ಯಾರೇಜಿಗೆ ಬಂದೊಡನೆ ರೋಗವೇ ಮಾಯ.

ಕೋಡ್ ಅಳಿಸಿ ಕಳಿಸಿಬಿಡು ಅಂದರು ಮೈನುದ್ದೀನ ಚಾಚಾ. ಗ್ಯಾರೇಜು ಅವರದು, ಆದರೆ ಹೈಬ್ರಿಡ್ ಬಂದರೆ ನನ್ನ ಕಡೆಗೇ ತಳ್ಳುತ್ತಾರೆ. ಕಳಿಸಲಿಲ್ಲ. ಸರ್ ಹೆಂಡತಿ ಭಾರತಿಯಕ್ಕನಿಗೆ ಎರಡೂ ಕಿಡ್ನಿ ಹೋಗಿವೆ. ಮಂಗಳವಾರ, ಶುಕ್ರವಾರ ಯಾದಗಿರಿಯಲ್ಲಿ ಡಯಾಲಿಸಿಸ್. ಗಾಡಿ ನಡುದಾರಿಯಲ್ಲಿ ನಿಂತರೆ...

ಏಪ್ರಿಲ್ 24

ಸೆನ್ಸರಿನ ಕನೆಕ್ಟರ್ ಬಿಚ್ಚಿದೆ. ಹಸಿರು ಕಿಲುಬು ಹಿಡಿದಿತ್ತು. ತೊಳೆದು ಬಿಗಿಯಾಗಿ ಕೂಡಿಸಿದೆ. ಇದೇ ಇರಬೇಕು. ಆದರೂ ರೀಡಿಂಗ್ ಹಿಡಿದಿಡುವ ಲಾಗರ್ ಒಂದನ್ನು ಗಾಡಿಗೆ ಸಿಕ್ಕಿಸಿ ಕೊಟ್ಟೆ.

ಮೇ 7

ಇಷ್ಟು ದಿನ ಸದ್ದಿಲ್ಲ. ಗೆದ್ದೆ ಅಂದುಕೊಂಡಿದ್ದೆ. ಇಂದು ಸರ್ ಬಂದರು. ನಿನ್ನೆ ಲೈಟ್ ಬಂತಂತೆ, ಭೀಮಾ ಸೇತುವೆ ದಾಟಿದ ಮೇಲೆ. ಯಾದಗಿರಿಗೆ ಹೋಗುವಾಗ ಎಂದೂ ಬರುವುದಿಲ್ಲ. ಮರಳುವಾಗಲೇ.

ಲಾಗರ್ ನೋಡಿದೆ. ಮಧ್ಯಾಹ್ನ ಬ್ಯಾಟರಿ ಹನ್ನೆರಡು ಡಿಗ್ರಿ. ಮೇ ತಿಂಗಳಲ್ಲಿ. ನಲ್ಲಿ ನೀರಿಗೆ ಕೈ ಹಿಡಿಯಲಾಗುತ್ತಿಲ್ಲ, ಬ್ಯಾಟರಿಗೆ ಚಳಿಯಂತೆ. ದಾರಿಯುದ್ದಕ್ಕೂ ಅದೇ ಸುಳ್ಳು. ಸುರಪುರ ಮುಟ್ಟಿ ಗಾಡಿ ನಿಂತ ಮೇಲೆ ಒಮ್ಮೆಲೇ ಐವತ್ತೆಂಟು. ಅದು ನಿಜ. ಹೆದರಿಕೆ ಬಂದದ್ದು ಅದನ್ನು ನೋಡಿ.

ಲೈಟಿನದು ದೊಡ್ಡ ಮಾತಲ್ಲ. ತಣ್ಣಗಿದೆ ಎಂದು ನಂಬಿದ ಗಾಡಿ ಬ್ಯಾಟರಿಯ ಫ್ಯಾನ್ ತಿರುಗಿಸುವುದೇ ಇಲ್ಲ. ಒಳಗೆ ಅದು ಕಾಯುತ್ತಲೇ ಇರುತ್ತದೆ.

ಗಾಡಿ ಬಿಟ್ಟು ಹೋಗಿ ಅಂದೆ. "ಶುಕ್ರವಾರ ಆಕಿನ್ನ ಬಸ್ಸಿನ್ಯಾಗ ನಿಂದರಸ್ಲೇನು ಪರಿಮಳಾ?" ಅಂದರು. ಶನಿವಾರ ತಂದು ಬಿಡುತ್ತಾರಂತೆ. ಹೂಂ ಅಂದೆ. ಅನ್ನಬಾರದಿತ್ತು ಅನಿಸುತ್ತಿದೆ.

ಮೇ 9, ಶುಕ್ರವಾರ, ಮಧ್ಯಾಹ್ನ

ಭಾರತಿಯಕ್ಕ ಆಸ್ಪತ್ರೆಯಿಂದ ಫೋನ್ ಮಾಡಿದ್ದರು. ಮಷೀನಿಗೆ ಹಚ್ಚಿದಾಗ ಹೊತ್ತು ಹೋಗುವುದಿಲ್ಲ, ಯಾರಿಗಾದರೂ ಮಾಡುತ್ತಿರುತ್ತಾರೆ. ಲೈಟ್ ಬಂದರೆ ಸರ್ ಗಾಬರಿಯಾಗುತ್ತಾರೆ, ಸ್ವಲ್ಪ ಧೈರ್ಯ ಹೇಳು ಅಂದರು.

"ಆ ಲೈಟು ನನಗ ಕಾಣಂಗಿಲ್ಲವ್ವ. ಹೋಗಾಗ ಮುಂದ ಕುಂತಿರ್ತೀನಿ. ಬರಾಗ ತ್ರಾಣ ಇರಂಗಿಲ್ಲ, ಚಳಿ ಬ್ಯಾರೆ. ಹಿಂದ ಕೌದಿ ಹೊಚಗೊಂಡು ಮಲಗಿಬಿಡ್ತೀನಿ."

ಆಯ್ತಕ್ಕ ಎಂದು ಫೋನ್ ಇಟ್ಟೆ.

ತಡವಾಗಿ ಊಟಕ್ಕೆ ಕೂತು ರೊಟ್ಟಿ ಮುರಿಯುವಾಗ ಹೊಳೆಯಿತು. ಬ್ಯಾಟರಿ ಇರುವುದು ಹಿಂದಿನ ಸೀಟಿನ ಕೆಳಗೆ. ಸೆನ್ಸರಿನ ವೈರೂ ಅಲ್ಲೇ. ಅವರು ಮಲಗಿದರೆ ಸೀಟು ವೈರನ್ನು ಒತ್ತುತ್ತದೆ, ರೀಡಿಂಗ್ ಸುಳ್ಳಾಗುತ್ತದೆ; ಎದ್ದು ಇಳಿದರೆ ಸರಿಯಾಗುತ್ತದೆ. ಬ್ಯಾಟರಿಗೆ ಗಾಳಿ ಹೋಗುವ ಜಾಲರಿ ಆ ಸೀಟಿನ ಬದಿಗೇ ಇದೆ, ಅದನ್ನು ಕೌದಿ ಮುಚ್ಚುತ್ತದೆ. ನಾನು ಓಡಿಸಿ ನೋಡಿದಾಗಲೆಲ್ಲ ಹಿಂದೆ ಯಾರೂ ಇರಲಿಲ್ಲ.

ಸರ್‌ಗೆ ಫೋನ್ ಹಚ್ಚಿದೆ. ಎತ್ತುತ್ತಿಲ್ಲ. ಓಡಿಸುವಾಗ ಎತ್ತುವವರಲ್ಲ. ಅಕ್ಕನದು ಸ್ವಿಚ್ ಆಫ್. ಹೊರಟುಬಿಟ್ಟಿರಬೇಕು. ಚಾಚಾ ಬೈಕ್ ತೆಗೆದರು.

ಅದೇ ದಿನ, ಸಂಜೆ

ಫೋನಿನಲ್ಲಿ ಬರೆಯುತ್ತಿದ್ದೇನೆ. ದೋರನಹಳ್ಳಿ ಹತ್ತಿರ, ರಸ್ತೆ ಪಕ್ಕದ ಬೀಳು ಹೊಲ.

ಇಬ್ಬರೂ ಬದುಕಿದ್ದಾರೆ. ನಾವು ಮುಟ್ಟುವಷ್ಟರಲ್ಲಿ ಬೇವಿನ ಮರದ ಕೆಳಗೆ ಇಳಿದು ಕೂತಿದ್ದರು. ಬೆನ್ನು ಸುಡುತ್ತಿದೆ ಅಂದರಂತೆ ಅಕ್ಕ. ಜ್ವರ ಇರಬೇಕೆಂದು ಸರ್ ಗಾಡಿ ನಿಲ್ಲಿಸಿ ಹಣೆ ಮುಟ್ಟಿದರಂತೆ. ತಣ್ಣಗಿತ್ತು. ಆಮೇಲೆ ಸೀಟು ಮುಟ್ಟಿದರು.

"ನನಗ ಕೈ ಇಡಾಕ ಆಗ್ಲಿಲ್ಲ. ಆಕಿ ಅದರ ಮ್ಯಾಲೆ ಮಲಗಿದ್ಲು," ಅಂದರು. ತಮ್ಮ ಅಂಗೈಯನ್ನೇ ನೋಡುತ್ತಿದ್ದರು.

ರಬ್ಬರ್ ಕೈಗವಸು ಹಾಕಿಕೊಂಡು ಬ್ಯಾಟರಿಯ ಮೇನ್ ಪ್ಲಗ್ ಕಿತ್ತೆ. ಸೀಟಿನ ಕಬ್ಬಿಣದ ಕೆಳಗೆ ವೈರ್ ಚಪ್ಪಟೆಯಾಗಿತ್ತು. ಇಷ್ಟು ದಿನ ಹುಡುಕಿದ್ದು ಸಿಕ್ಕಿತು. ಸಂತೋಷವಾಗಲಿಲ್ಲ. ಒಂದು ಥರ ಸಿಹಿ ವಾಸನೆ — ಉಗುರುಬಣ್ಣ ತೆಗೆಯುವ ನೀರಿನ ಹಾಗೆ. ಬ್ಯಾಟರಿ ಒಡೆದು ಸೋರುವಾಗ ಬರುವ ವಾಸನೆ.

ದಾರಿಯಲ್ಲಿ ಬಂದ ಜೀಪೊಂದನ್ನು ನಿಲ್ಲಿಸಿ ಇಬ್ಬರನ್ನೂ ಹತ್ತಿಸಿ ಕಳಿಸಿದೆವು. ಗಾಡಿಯನ್ನು ತಳ್ಳಿ ಹೊಲದ ನಡುವೆ ಬಿಟ್ಟೆವು. ಫೈರ್ ಎಂಜಿನ್‌ಗೆ ಹೇಳಿಯಾಗಿದೆ, ಇನ್ನೂ ಬಂದಿಲ್ಲ.

ಪ್ಲಗ್ ಕಿತ್ತ ಮೇಲೆ ತಣಿಯಬೇಕು. ತಣಿಯುತ್ತಿಲ್ಲ, ಒಡೆದ ಬ್ಯಾಟರಿ ಒಳಗೊಳಗೇ ಕಾಯುತ್ತಿದೆ. ಟೆಂಪರೇಚರ್ ಗನ್ ಹಿಡಿದು ದೂರದಿಂದ ನೋಡುತ್ತಿದ್ದೇನೆ. ಎಪ್ಪತ್ತೊಂದಿತ್ತು. ಈಗ ಎಪ್ಪತ್ತೊಂಬತ್ತು.

ಅಕ್ಕನ ಮಾತ್ರೆಯ ಚೀಲ ಗಾಡಿಯಲ್ಲೇ ಉಳಿದಿದೆ ಎಂದು ಸರ್ ಈಗ ಚಾಚಾಗೆ ಫೋನ್ ಮಾಡಿದ್ದಾರೆ. ಚಾಚಾ ಎದ್ದು ಹೊರಟರು. ಬೇಡ ಅಂದೆ.

"ಪ್ಲಗ್ ಕಿತ್ತೀಯಲ್ಲ ಬೇಟಿ, ಇನ್ನೇನೈತಿ ಅದರಾಗ," ಅಂದರು.

ಹೊಲದ ನಡುವೆ ಹೋಗಿಬಿಟ್ಟರು. ಕೂಗಿದೆ. ಗಾಳಿ ಈ ಕಡೆ ಬೀಸುತ್ತಿದೆ, ಅವರಿಗೆ ಕೇಳುತ್ತಿಲ್ಲ. ಹಿಂದಿನ ಬಾಗಿಲಿಗೆ ಕೈ ಹಾಕಿದರು. ಒಳಗೆ ಏನೋ ಟಪ್ ಅಂತು. ಬಿಳಿ ಹೊಗೆ. ಚಾಚಾ ಇನ್ನೂ ಬಾಗಿಲಲ್ಲೇ ಇದ್ದಾರೆ. ಓಡುತ್ತೇನೆ.