ಜಾಸ್ತಿ ಎಂದು ಓದಿದ್ದು

೧೧ ಫೆಬ್ರವರಿ ೨೦೦೮, ಸೋಮವಾರ

ಬೆಳಿಗ್ಗೆ ಗ್ಯಾರೇಜಿಗೆ ಬಂದ ಕರಿಯಯ್ಯನ ಟ್ಯಾಕ್ಸಿಯ ಡ್ಯಾಶ್‌ಬೋರ್ಡ್ ಮೇಲಿನ ಪ್ಲಾಸ್ಟಿಕ್ ಹೂವು ನಡುಗುತ್ತಿತ್ತು. ಕಾರು ನಿಂತೇ ಇತ್ತು, ಇಂಜಿನ್ ಮಾತ್ರ ಓಡುತ್ತಿತ್ತು.

"ಓಡುವಾಗ ರಾಜ ಕಣಮ್ಮ. ರೈಲ್ವೆ ಗೇಟಲ್ಲಿ ನಿಂತ್ರೆ ಚಳಿಜ್ವರ. ಹಳೇಬೀಡಿಗೆ ಕರ್ಕೊಂಡ್ ಹೋದೋರು ಇಳಿದು ನಡ್ಕೊಂಡ್ ಬತ್ತೀವಿ ಅಂದ್ರು."

ಎಂ.ಎ. ಕನ್ನಡ ಮುಗಿಸಿ ಗ್ಯಾರೇಜಿನಲ್ಲಿ ಬಿಲ್ ಬರೆಯುವವಳು ನಾನು. ಹೋದ ತಿಂಗಳು ಇಂಜಿನ್ನಿನ ದೋಷ ತೋರಿಸುವ ಸ್ಕ್ಯಾನರ್ ಬಂದ ಮೇಲೆ ಅದನ್ನು ಓದಿ ಹೇಳುವ ಕೆಲಸವೂ ನನ್ನದೇ. ಪರದೆಯೆಲ್ಲ ಇಂಗ್ಲಿಷ್. ಇಂದು — ಫ್ಯೂಯಲ್ ಟ್ರಿಮ್, ಪ್ಲಸ್ ಇಪ್ಪತ್ತೈದು. ಟ್ರಿಮ್ ಎಂದರೆ ಕತ್ತರಿಸು, ಒಪ್ಪಮಾಡು... ಯಾವ ಅರ್ಥವೂ ಕೂರಲಿಲ್ಲ. ಎಲ್ಲರೂ ಕಾಯುತ್ತಿದ್ದರು.

"ಪೆಟ್ರೋಲ್ ಇಪ್ಪತ್ತೈದು ಪರ್ಸೆಂಟ್ ಜಾಸ್ತಿ" ಎಂದುಬಿಟ್ಟೆ.

ಯಜಮಾನರು ಗಂಗಾಧರಪ್ಪ ತಕ್ಷಣ, "ಹಂಗಾದ್ರೆ ಇಂಜೆಕ್ಟರ್ ಸೋರ್ತಾವೆ. ಮೊನ್ನೆ ಬಿಚ್ಚಿ ತೊಳೆದೋನು ಯಾರ್ಲಾ?"

ಇಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಆ ನಳಿಗೆಗಳನ್ನು ತೊಳೆದವರು ಭೀಮರಾಜ್. ಇಲ್ಲಿನ ಹಳೆಯ ಮೆಕ್ಯಾನಿಕ್.

"ಸೋರಿದ್ರೆ ವಾಸ್ನೆ ಬರ್ಬೇಕಲ್ಲ ಯಜಮಾನ್ರೇ?"

"ಮಿಷಿನ್ ಸುಳ್ಳು ಹೇಳ್ತೈತಾ? ಓದಿದೋಳು ಓದಿ ಹೇಳ್ತಾವ್ಳೆ."

ಭೀಮರಾಜ್ ನನ್ನ ಕಡೆ ತಿರುಗಿದರು. "ಇನ್ನೊಂದ್ ಸಲ ನೋಡಿ ಮೇಡಂ."

ನೋಡಿದೆ. ಅದನ್ನೇ ಓದಿದೆ.

೧೨, ಮಂಗಳವಾರ

ಭೀಮರಾಜ್ ಬಂದಿಲ್ಲ. ಅವರ ಕೈಕೆಲಸ ಕೆಟ್ಟಿದೆ ಎಂದು ಕರಿಯಯ್ಯ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಹೇಳಿಕೊಂಡು ಬಂದನಂತೆ. ಹೊಸ ಇಂಜೆಕ್ಟರಿಗೆ ಆರ್ಡರ್ ಹೋಯಿತು.

೧೪, ಗುರುವಾರ

ಹೊಸವು ಕೂತವು. ನಡುಕ ಹಾಗೆಯೇ. ಪರದೆಯ ಅಂಕಿಯೂ ಹಾಗೆಯೇ.

"ಭೀಮ ಇನ್ನೇನೋ ಕೆಡಿಸವ್ನೆ" ಎಂದು ಯಜಮಾನರು ಊಟಕ್ಕೆ ಹೋದರು.

ಕರಿಯಯ್ಯನನ್ನು ಕೇಳಿದೆ — ಸ್ವಲ್ಪ ರೇಸ್ ಕೊಡ್ತೀರಾ? ಕೊಟ್ಟ. ಅಂಕಿ ಇಳಿಯಿತು. ಹತ್ತು... ಆರು... ಮೂರು. ಕಾಲು ತೆಗೆದ. ಮತ್ತೆ ಮೇಲೆ.

ಇಂಜೆಕ್ಟರ್ ಸೋರುತ್ತಿದ್ದರೆ ಹೊಸತು ಹಾಕಿದ ಮೇಲೂ ಹೀಗೇಕೆ? ಬೆಂಗಳೂರಿಗೆ, ಸ್ಕ್ಯಾನರ್ ಮಾರಿದವರಿಗೆ ಫೋನ್ ಮಾಡಿದೆ. ಎರಡು ಸಲ ರಿಂಗ್ ಆಗುವ ಮೊದಲೇ ಇಟ್ಟು, ಮೂರನೆಯ ಸಲ ಮಾತಾಡಿದೆ.

"ಮೇಡಂ, ಪ್ಲಸ್ ಅಂದ್ರೆ ಪೆಟ್ರೋಲ್ ಜಾಸ್ತಿ ಇದೆ ಅಂತಲ್ಲ. ಸಾಲ್ತಾ ಇಲ್ಲ ಅಂತ ಕಾರಿನ ಕಂಪ್ಯೂಟರ್ ಜಾಸ್ತಿ ಕೊಡ್ತಿದೆ ಅಂತ. ನಿಂತಾಗ ಮಾತ್ರ ಹಿಂಗಾ? ಎಲ್ಲೋ ಸೀಳಿಂದ ಕಳ್ಳಗಾಳಿ ಎಳೀತಿದೆ, ಅದಕ್ಕೇ ಪೆಟ್ರೋಲ್ ಸಾಲ್ತಿಲ್ಲ. ರೇಸ್ ಕೊಟ್ರೆ ಗಾಳಿ ಹೇಗೂ ತುಂಬಾ ಬರುತ್ತಲ್ಲ, ಇದು ಲೆಕ್ಕಕ್ಕೆ ಬರಲ್ಲ."

ಸಾಲದು ಎನ್ನಬೇಕಾದ ಕಡೆ ಜಾಸ್ತಿ ಎಂದಿದ್ದೆ. ಭಾಷೆ ಓದಿದವಳು.

೧೫, ಶುಕ್ರವಾರ

ಸಿಕ್ಕಿತು. ಇಂಜಿನ್ನಿನ ಹಿಂದೆ, ಬೆರಳು ದಪ್ಪದ ರಬ್ಬರ್ ಪೈಪು. ಕೆಳಮೈ ಸೀಳಿದೆ. ಕಿವಿ ಹತ್ತಿರ ಇಟ್ಟರೆ ಸ್ಸ್ ಎನ್ನುತ್ತದೆ. ಹೆಬ್ಬೆರಳಲ್ಲಿ ಒತ್ತಿ ಹಿಡಿದೆ — ಇಂಜಿನ್ ಸಮಾಧಾನವಾಯಿತು. ರಬ್ಬರಿಗೆ ವಯಸ್ಸಾಗಿದೆ, ಅಷ್ಟೇ. ಯಾರ ಕೈಯದೂ ತಪ್ಪಿಲ್ಲ.

ಯಜಮಾನರು ಪೈಪು ಕಿತ್ತು ತೆಗೆದರು. ಹೊಸದು ಹಾಕಿಸಿದರು. ಆಮೇಲೆ, "ಆಯ್ತು ಬುಡು. ಇಂಜೆಕ್ಟರ್ ಹಾಕಿದ್ಕೇ ಸರಿ ಹೋಯ್ತು ಅನ್ನು. ಇಲ್ದಿದ್ರೆ ಕರಿಯಯ್ಯ ಊರೆಲ್ಲಾ ಟಾಂಟಾಂ ಹೊಡೀತಾನೆ."

ಸಂಜೆ ಕರಿಯಯ್ಯ ಕೇಳಿದ. "ಹಂಗಾದ್ರೆ ಭೀಮಂದೇ ಎಡವಟ್ಟು ಅನ್ನಿ?"

ತಲೆ ಆಡಿಸಿದೆ. ಹೌದು ಎಂದೂ ತಿಳಿಯಬಹುದು, ಇಲ್ಲ ಎಂದೂ. ಅವನು ಹೌದೆಂದೇ ತಿಳಿದ. ಬಿಟ್ಟೆ.

೯ ಮಾರ್ಚ್, ಭಾನುವಾರ, ರಾತ್ರಿ

ಅತ್ತೆಯ ಮನೆಗೆಂದು ಬೇಲೂರಿಗೆ ಹೋಗಿದ್ದೆ. ಬಸ್ ಸ್ಟ್ಯಾಂಡಿನ ಹೊರಗೆ ಜೀಪಿನ ಮೇಲೆ ಮೂಟೆ ಕಟ್ಟುತ್ತಿದ್ದವರು ಭೀಮರಾಜ್. ನಾನು ಮರೆಯಾಗಬೇಕೆನ್ನುವಷ್ಟರಲ್ಲಿ ಅವರೇ ಕರೆದರು.

"ಏನ್ ಮೇಡಂ, ನಮ್ಮೂರ್ ಕಡೆ? ನಾನೀಗ ಬಿಕ್ಕೋಡಿನ ಎಸ್ಟೇಟಲ್ಲಿ ಡ್ರೈವರ್ರು."

"ರಿಪೇರಿ ಕೆಲಸ...?"

"ಸ್ಪ್ಯಾನರ್ ಹಿಡಿಯೋದು ಬಿಟ್ಟೆ." ಹಗ್ಗ ಎಳೆದು ಗಂಟು ಹಾಕಿದರು. "ಆ ಇಂಜೆಕ್ಟರ್ ರಬ್ಬರ್ ರಿಂಗು ಸರಿಯಾಗೇ ಕೂರಿಸಿದ್ದೆ ಅಂದ್ಕೊಂಡಿದ್ದೆ. ಮಲಗಿದ್ರೂ ಅದೇ ಯೋಚ್ನೆ. ಈಗ ನನ್ ಕೈ ಮೇಲೆ ನಂಗೇ ನಂಬ್ಕೆ ಇಲ್ಲ."

ಹೇಳಿದೆ. ಪೈಪು, ಸೀಳು, ನಾನು ತಪ್ಪು ಓದಿದ್ದು, ಎಲ್ಲ. ಗಂಟಿನ ಮೇಲೆ ಅವರ ಕೈ ನಿಂತಿತು.

"ಯಾವತ್ತು ಗೊತ್ತಾಯ್ತು?"

"ನೀವು ಬಿಟ್ಟು ಹೋದ್ರಲ್ಲ, ಅದೇ ವಾರ."

ನಕ್ಕರು. ಆ ನಗುವನ್ನು ನನ್ನಿಂದ ನೋಡಲಾಗಲಿಲ್ಲ.

"ಕರಿಯಯ್ಯಂಗೆ ಹೇಳಿದ್ರಾ?"

ಜೀಪಿನೊಳಗಿಂದ ಯಾರೋ ಹಾರ್ನ್ ಒತ್ತಿದರು. "ಬತ್ತೀನಿ ಮೇಡಂ" ಎಂದರು. ಬೈದಿದ್ದರೆ ಚೆನ್ನಾಗಿತ್ತು.

೧೦, ಸೋಮವಾರ, ಬೆಳಿಗ್ಗೆ

ಇಂದು ಕರಿಯಯ್ಯ ಆಯಿಲ್ ಬದಲಿಸಲು ಬರುತ್ತಾನೆ. ಟೀ ಹೊತ್ತಿಗೆ ಸ್ಟ್ಯಾಂಡಿನ ಉಳಿದ ಡ್ರೈವರುಗಳೂ ಇರುತ್ತಾರೆ. ಯಜಮಾನರೂ. ನಾಳೆಯಿಂದ ಬರಬೇಡ ಅನ್ನಬಹುದು. ಅನ್ನಲಿ.

ನಾಲ್ಕು ಜನರ ಮುಂದೆ ನನಗೆ ದನಿ ಹೊರಡುವುದು ಕಷ್ಟ, ಅದಕ್ಕೇ ಬರೆದುಕೊಳ್ಳುತ್ತಿದ್ದೇನೆ. ಮೊದಲ ಮಾತು — ಅವತ್ತು ನಾನು ತಪ್ಪು ಓದಿದೆ. ಎರಡನೆಯದು — ಭೀಮರಾಜ್ ಅವರ ಕೆಲಸದಲ್ಲಿ ಯಾವ ತಪ್ಪೂ ಇರಲಿಲ್ಲ.